ನಮ್ಮ ನಾಯಿಯನ್ನು ಕರು ಎಂದು ಬರೆದವರಿಗೆ

ನೀವು ನಮ್ಮ ನಾಯಿಗೆ ಕರುವಿನ ಔಷಧಿ ಕೊಟ್ಟಿರಿ. ಅದನ್ನು ಕೈಯಾರೆ ತಿನ್ನಿಸಿದ ತಪ್ಪನ್ನು ನನ್ನ ತಾಯಿಯ ತಲೆಗೆ ಕಟ್ಟಿದಿರಿ. ಕೊನೆಗೆ, ಹುಟ್ಟಿಯೇ ಇರದ ಒಂದು ಕರು ಗುಣವಾಯಿತೆಂದು ನಿಮ್ಮ ಪುಸ್ತಕದಲ್ಲಿ ಬರೆದುಕೊಂಡಿರಿ. ಈ ಮೂರರಲ್ಲಿ ಒಂದನ್ನೂ ನಾನು ಸಿಟ್ಟಿನ ಭರದಲ್ಲಿ ಹಿಗ್ಗಿಸಿಲ್ಲ. ಎರಡು ನಿಮ್ಮದೇ ಕೈಬರಹದಲ್ಲಿವೆ, ಒಂದು ನಿಮ್ಮದೇ ಬಾಯಿಮಾತು.

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿರುವ ಆ ಸರ್ಕಾರಿ ಪಶು ಚಿಕಿತ್ಸಾಲಯದ ಹೆಸರನ್ನು ಅರ್ಜಿಯಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಬರೆದರೆ ಉಳಿದ ಚಿಕಿತ್ಸಾಲಯಗಳವರು ಇದು ನಮ್ಮದಲ್ಲ ಎಂದು ನಿರಾಳವಾಗಿ ಉಸಿರು ಬಿಡುತ್ತಾರೆ. ಅವರಿಗೆ ಆ ಸುಖ ಕೊಡುವ ಮನಸ್ಸು ನನಗಿಲ್ಲ. ಇನ್ನು, ಕಾಯಿಲೆ ಬಿದ್ದ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ಯಾವುದೋ ಕಟ್ಟೆಯ ಮೇಲೆ ಕುಳಿತು, "ನಾಯಿಗ್ಯಾಕ ಇಷ್ಟು ಮಾಡ್ತೀರಿ" ಎಂಬ ನಗೆಯನ್ನು ನುಂಗಿಕೊಂಡವರು ನಮ್ಮ ಜಿಲ್ಲೆಯಲ್ಲಿ ನಾವಷ್ಟೇ ಅಲ್ಲ ಎಂದು ಬಲ್ಲೆ. ಮುಂದಿನ ಮಾತುಗಳಲ್ಲಿ ಅರ್ಧ ಅವರಿಗೆ.

ನಾಯಿಯ ಹೆಸರು ಜಮಾದಾರ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಅಪ್ಪ ಫಿಟ್ಟರ್. ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಗಿರಣಿಯ ಕಾವಲಿಗಿದ್ದ ಉದ್ದ ಕಿವಿಯ ಅಲ್ಸೇಶನ್ ಜಾತಿಯ ಹೆಣ್ಣುನಾಯಿ ಮರಿ ಹಾಕಿದಾಗ ಗೇಟಿನ ವಾಚ್‌ಮನ್ ಮಹಬೂಬ್ ಚಾಚಾ ಒಂದನ್ನು ಅಪ್ಪನ ಚೀಲಕ್ಕೆ ಹಾಕಿ ಕಳಿಸಿದ. ಅರಕೇರಾ ಕಡೆಯ ನಮ್ಮ ಊರಿಗೆ ಅದು ಬಸ್ಸಿನಲ್ಲಿ, ನಟ್ಟು ಬಿಗಿಯುವ ಪಾನಾ ಮತ್ತು ಟಿಫಿನ್ ಡಬ್ಬಿಯ ನಡುವೆ ಕುಳಿತು ಬಂತು. ಬಂದ ಮೊದಲ ದಿನದಿಂದಲೇ ಹೊಸ್ತಿಲ ಮೇಲೆ ಕುಳಿತು, ಬಂದವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಯೋಚಿಸುವವನಂತೆ ನೋಡುತ್ತಿತ್ತು. "ಆಫೀಸಿನ ಜಮಾದಾರನ್ಹಂಗ ಕುಂತದ ನೋಡು" ಎಂದಳು ಅವ್ವ. ಹೆಸರು ನಿಂತಿತು.

ಅವ್ವ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಬೆಳಿಗ್ಗೆ ಒಲೆ ಹೊತ್ತಿದರೆ ಮಧ್ಯಾಹ್ನದವರೆಗೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು. ಜಮಾದಾರ ಒಲೆಯಿಂದ ಒಂದು ಮೊಳ ದೂರದಲ್ಲಿ ಕುಳಿತು, ಬಡಿತದ ಲಯಕ್ಕೆ ಕಿವಿ ಆಡಿಸುತ್ತ ಕಾಯುವನು. ಮೊದಲ ರೊಟ್ಟಿ ಅವನದು. ಅದನ್ನು ತಟ್ಟೆಗೆ ಹಾಕುವ ರೂಢಿ ಇರಲಿಲ್ಲ. ಅವ್ವ ಮುರಿದು ಹಾಲಿನಲ್ಲಿ ಅದ್ದಿ ಕೈಯಿಂದಲೇ ತಿನ್ನಿಸುತ್ತಿದ್ದಳು. ರಾಯಚೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನಾನು ಶನಿವಾರ ಊರಿಗೆ ಬಂದರೆ ನನಗೆ ಎರಡನೆಯ ರೊಟ್ಟಿ. ಎಂ.ಎ. ಪದವಿಗೆ ಆ ಮನೆಯಲ್ಲಿ ಇದ್ದ ಸ್ಥಾನ ಅಷ್ಟು.

ಅವನಿಗೆ ಏಳನೆಯ ತಿಂಗಳು ನಡೆಯುತ್ತಿದ್ದಾಗ ಎಡ ಮುಂಗಾಲನ್ನು ಎತ್ತಿಕೊಂಡು ನಡೆಯತೊಡಗಿದ. ಮುಳ್ಳು ಇರಲಿಲ್ಲ, ಗಾಯ ಇರಲಿಲ್ಲ, ಬಾವೂ ಇರಲಿಲ್ಲ. ಮೊಣಕಾಲಿನ ಮೇಲಿನ ಎಲುಬನ್ನು ಒತ್ತಿದರೆ ಮಾತ್ರ ಕುಂಯ್ ಎನ್ನುತ್ತಿದ್ದ. ಓಣಿಯಲ್ಲಿ ದುರ್ಗಪ್ಪ ಎಂಬಾತ ಇದ್ದಾನೆ. ಎತ್ತು ಕುಂಟಿದರೆ ಕಬ್ಬಿಣ ಕಾಯಿಸಿ ಬರೆ ಹಾಕುವುದು ಅವನ ಕೆಲಸ. ಆತ ತಾನಾಗಿಯೇ ಬಂದು ನೋಡಿದ.

"ಒಂದ ಬರಿ ಎಳದ್ರ ಆತಬೇ, ನಾಳಿಗೆ ಓಡತದ," ಎಂದ.

"ನನ್ನ ಮಗಳು ಕಾಲೇಜಿನ್ಯಾಗ ಪಾಠ ಹೇಳ್ತಾಳ. ನಮ್ಮನ್ಯಾಗ ಬರಿ ಎಳಸಿದ್ರ ಆಕೀ ನನಗ ಎಳೀತಾಳ," ಎಂದಳು ಅವ್ವ. "ಸರ್ಕಾರಿ ದವಾಖಾನಿಗೆ ಒಯ್ತೀನಿ ತಗೋ."

ದುರ್ಗಪ್ಪ ನಕ್ಕು ಹೋದ. ಆತನ ಕೆಲಸವನ್ನು ನಾನು ಕ್ರೌರ್ಯವೆಂದೇ ಕರೆಯುತ್ತೇನೆ, ಇಂದಿಗೂ. ಆದರೆ ನ್ಯಾಯಕ್ಕಾಗಿ ಒಂದು ಮಾತು ದಾಖಲಾಗಬೇಕು: ಬರೆ ಹಾಕಲು ಬಂದವನಿಗೆ ತನ್ನ ಎದುರಿಗಿರುವುದು ನಾಯಿ ಎಂದು ಗೊತ್ತಿತ್ತು.

ಅವ್ವ ಹಂಚಿಕೆಯ ಆಟೋದಲ್ಲಿ ಜಮಾದಾರನನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು. ಅಲ್ಲಿನ ವೈದ್ಯರು ಮೂರು ಚಿಕಿತ್ಸಾಲಯಗಳ ಹೊಣೆ ಹೊತ್ತವರಂತೆ; ಹಾಗಾಗಿ ಮೂರರಲ್ಲಿ ಎಲ್ಲಿಯೂ ಸಿಗುವುದಿಲ್ಲ. ಇದ್ದವರು ಒಬ್ಬ ಹಿರಿಯ ಸಹಾಯಕರು. ಊರವರು ಅವರನ್ನು ಕಾಂಪೌಂಡರ್ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಅವರು ಕಾಲು ಒತ್ತಿ ನೋಡಿದರು, ಜ್ವರ ನೋಡಿದರು, ನೋವಿನ ಗುಳಿಗೆ ಒಂದು ಕೊಟ್ಟು, ಅದನ್ನು ನಾಲ್ಕು ಭಾಗ ಮಾಡಿ ದಿನಕ್ಕೊಂದು ಚೂರು ಹಾಕಿ, ಅದೂ ಎರಡೇ ದಿನ, ಮಿಕ್ಕದ್ದನ್ನು ಎಸೆಯಿರಿ ಎಂದು ಬಾಯಲ್ಲಿ ಹೇಳಿದರು. ಚೀಟಿಯಲ್ಲಿ ಆ ಪ್ರಮಾಣವನ್ನು ಬರೆಯಲಿಲ್ಲ. ಚೀಟಿಯಲ್ಲಿ ಬರೆದದ್ದು ಇಷ್ಟು: ಕರು, ಏಳು ತಿಂಗಳು, ಕುಂಟು.

ಅವ್ವನಿಗೆ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ಅವಳು ಕೇಳಿದ್ದಾಳೆ.

"ಯಪ್ಪಾ, ಕರ ಅಂತ ಬರದೀರಲ್ರಿ. ಇದು ನಾಯಿ ಅದರೀ."

"ಗೊತ್ತದಬೇ, ನನಗೇನು ಕಣ್ಣಿಲ್ಲೇನು? ನಮಗ ಬರೂ ಗುಳಿಗಿ ದನಕ್ಕ, ಕುರಿಗಿ. ನಾಯಿ ಅಂತ ಬರದ್ರ ನಾಳಿ ಸ್ಟಾಕ್ ನೋಡಾವ್ರು ನನ್ನ ಕುತ್ತಿಗಿ ಹಿಡೀತಾರ. ಮತ್ತ ಯಾರರೆ ಕೇಳಿದ್ರ ನೀವೂ ಕರ ಅಂತನ ಹೇಳ್ರಿ. ಮರೀಬ್ಯಾಡ್ರಿ."

ಅವ್ವ ಮರೆಯಲಿಲ್ಲ. ಈ ಇಡೀ ಪ್ರಕರಣದಲ್ಲಿ ಸರ್ಕಾರದ ಆದೇಶವನ್ನು ತಪ್ಪದೆ ಪಾಲಿಸಿದ ಏಕೈಕ ವ್ಯಕ್ತಿ ನನ್ನ ತಾಯಿ.

ಆ ಶನಿವಾರ ಊರಿಗೆ ಬಂದಾಗ ಚೀಟಿ ಕಂಡೆ. ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಕೆಳಗೆ ಭದ್ರವಾಗಿತ್ತು. ಓದಿ ಬಿದ್ದು ಬಿದ್ದು ನಕ್ಕೆ. ಜಮಾದಾರನ ಪಕ್ಕದಲ್ಲಿ ಚೀಟಿ ಹಿಡಿದು ಫೋಟೊ ತೆಗೆದು, "ನಮ್ಮ ಮನೆಯ ಹೊಸ ಕರು" ಎಂದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಸಹೋದ್ಯೋಗಿಗಳು ನಗುವ ಮುಖಗಳನ್ನು ಕಳಿಸಿದರು. ಒಬ್ಬರು ಹಾಲು ಎಷ್ಟು ಕೊಡುತ್ತದೆ ಎಂದು ಕೇಳಿದರು. ಸಾರ್ವಜನಿಕ ಆಡಳಿತ ಕುರಿತ ಪ್ರಬಂಧಕ್ಕೆ ವಿಶ್ವವಿದ್ಯಾಲಯದಲ್ಲಿ ಒಳ್ಳೆಯ ಅಂಕ ಪಡೆದವಳು ನಾನು. ತಪ್ಪು ದಾಖಲೆಯೊಂದು ನಾಳೆ ಇನ್ನೊಬ್ಬರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ನಿಮ್ಮನ್ನು ತಿರಸ್ಕಾರದಿಂದ ನೋಡುವ ಹಕ್ಕು ನನಗೆ ಇದೆಯೇ ಎಂದು ನೀವು ಕೇಳಬಹುದು. ಇದೆ. ಆದರೆ ಅದರಲ್ಲಿ ಒಂದು ಪಾಲನ್ನು ನಾನು ನನಗಾಗಿ ಎತ್ತಿಟ್ಟುಕೊಂಡಿದ್ದೇನೆ.

ಮುಂಗಾಲು ಸರಿಹೋಯಿತು. ಕಾಂಪೌಂಡರ್ ಕೈಗುಣ ದೊಡ್ಡದು ಎಂದು ಅವ್ವ ಓಣಿಯಲ್ಲೆಲ್ಲ ಹೇಳಿದಳು. ಹತ್ತು ದಿನ ಕಳೆಯುವುದರೊಳಗೆ ಬಲ ಹಿಂಗಾಲು ಹಿಡಿಯಿತು. ಈ ಸಲ ಹೊಸ್ತಿಲ ತನಕ ಬರಲೂ ಅವನು ಯೋಚಿಸುತ್ತಿದ್ದ. ರೊಟ್ಟಿಯ ಸದ್ದಿಗೆ ಕಿವಿ ಎತ್ತುವನು, ಏಳುವುದಿಲ್ಲ. ಅವ್ವ ಹತ್ತಿರ ಹೋಗಿ ಕೊಟ್ಟರೆ ಅರ್ಧ ತಿಂದು ಮುಖ ತಿರುಗಿಸುವನು. ಅವನನ್ನು ಆಟೋದಲ್ಲಿ ಕುಲುಕಿಸಿಕೊಂಡು ಒಯ್ಯಲು ಅವಳಿಗೆ ಮನಸ್ಸಾಗಲಿಲ್ಲ. ಚೀಟಿ ಒಂದೇ ತೆಗೆದುಕೊಂಡು ಹೋದಳು.

ಆ ದಿನ ಹಿರಿಯ ಕಾಂಪೌಂಡರ್ ರಜೆ. ಬೇರೆ ಊರಿನಿಂದ ನಿಯೋಜನೆಯ ಮೇಲೆ ಬಂದ ಯುವಕನೊಬ್ಬ ಕುಳಿತಿದ್ದ. ಅವರಿಬ್ಬರ ಮಾತನ್ನು ಅವ್ವ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿ ನಿಂತಿದ್ದೆನೇನೋ ಎನಿಸುತ್ತದೆ.

"ಏನಾಗ್ಯದಮ್ಮ?"

"ಮೊದಲು ಮುಂದಿನ ಕಾಲ್ರಿ, ಈಗ ಹಿಂದಿನ ಕಾಲು. ಬಾಯಿಗೂ ಹತ್ತವಲ್ದು."

"ಕರ ಏನು?" ಎಂದು ಚೀಟಿ ನೋಡಿ ಕೇಳಿದ್ದಾನೆ.

ಅವ್ವ ಚೀಟಿಯ ಕಡೆ ಒಮ್ಮೆ ನೋಡಿದ್ದಾಳೆ. ಬಳಿಕ, "ಹೂನ್ರೀ, ಕರ," ಎಂದಿದ್ದಾಳೆ.

"ಚಲೋ ಬೆಳದದೇನು?"

"ಬೆಳದದರೀ. ಬಾಳ ಚಲೋ ಬೆಳದದ."

ಇಷ್ಟು ಸಾಕಾಯಿತು. ಪ್ರಾಣಿ ಎಲ್ಲಿ ಎಂದು ಆತ ಕೇಳಲಿಲ್ಲ, ಬಾಗಿಲಾಚೆ ಕತ್ತು ಹೊರಳಿಸಲಿಲ್ಲ. ಚಲೋ ಬೆಳೆದ ಕರುವಿನ ಅಳತೆಗೆ ತಕ್ಕಂತೆ ದೊಡ್ಡ ಗುಳಿಗೆಗಳನ್ನು ಎಣಿಸಿ ಕೊಟ್ಟ: ದಿನಕ್ಕೆರಡು, ಐದು ದಿನ. ಇಷ್ಟು ದೊಡ್ಡದನ್ನು ಹಾಕಬಹುದೇ ಎಂದು ಅವ್ವ ಕೇಳಿದ್ದಾಳೆ. "ಪುಡಿ ಮಾಡಿ ಹಾಕ್ರಿ" ಎಂದಿದ್ದಾನೆ. ಅವ್ವ ಕುಟ್ಟಾಣಿಯಲ್ಲಿ ಕುಟ್ಟಿ, ಬೆಲ್ಲ ಬೆರೆಸಿ, ರೊಟ್ಟಿಯ ಮೆತ್ತನೆಯ ಭಾಗದಲ್ಲಿ ಸುತ್ತಿ, ಅವನ ಗಲ್ಲ ಹಿಡಿದು ತಿನ್ನಿಸಿದಳು. ಬೇರೇನನ್ನೂ ತಿನ್ನದವನು ಅದನ್ನು ತಿಂದ. ಅವ್ವನ ಕೈಯಿಂದ ಬಂದದ್ದನ್ನು ಬೇಡವೆನ್ನುವುದು ಅವನಿಗೆ ಗೊತ್ತಿರಲಿಲ್ಲ.

ಮೂರನೆಯ ದಿನ ವಾಂತಿ. ಅವ್ವ ನನಗೆ ಫೋನ್ ಮಾಡಿದಳು.

"ಸಂಗೀ, ಕಕ್ಕಾಕತ್ತದ. ಗುಳಿಗಿ ನಿಂದರಸಲೇನು?"

ಮುಂದಿನ ಪಾಠಕ್ಕೆ ಗಂಟೆ ಹೊಡೆದಿತ್ತು. ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿದೆ: "ಮಧ್ಯಾಗ ನಿಂದರಸಬಾರದವ್ವಾ. ಡಾಕ್ಟರ್ ಕೊಟ್ಟ ಕೋರ್ಸ್ ಮುಗಸಬೇಕು."

ಯಾವ ಡಾಕ್ಟರ್? ಕೇಳಲಿಲ್ಲ. ಎಷ್ಟು ಗುಳಿಗೆ? ಕೇಳಲಿಲ್ಲ. ವಿದ್ಯಾವಂತರ ಬಾಯಲ್ಲಿ ಸದಾ ಸಿದ್ಧವಾಗಿರುವ ಒಂದು ವಾಕ್ಯ ನನ್ನಲ್ಲಿತ್ತು, ಅದನ್ನು ಕೊಟ್ಟು ಒಳಗೆ ಹೋದೆ. ಅವ್ವ ಕೋರ್ಸ್ ಮುಂದುವರಿಸಿದಳು.

ಶನಿವಾರ ಮನೆಗೆ ಬಂದಾಗ ಹೊಸ್ತಿಲು ಖಾಲಿ ಇತ್ತು. ಜಮಾದಾರ ಹಿತ್ತಲಿನ ಬಚ್ಚಲ ಹತ್ತಿರ ತಣ್ಣನೆಯ ಬಂಡೆಯ ಮೇಲೆ ಹೊಟ್ಟೆ ಒತ್ತಿ ಮಲಗಿದ್ದ. ಪಕ್ಕದಲ್ಲಿ ಡಾಂಬರಿನಂತೆ ಕಪ್ಪಗಿದ್ದ ಮಲ. ಒಸಡು ಸುಣ್ಣದಂತೆ ಬೆಳ್ಳಗಿತ್ತು. ನನ್ನನ್ನು ಕಂಡು ಬಾಲದ ತುದಿಯನ್ನು ಒಮ್ಮೆ ನೆಲಕ್ಕೆ ತಾಗಿಸಿದ, ಅಷ್ಟೇ. ಅವ್ವ ಕುಟ್ಟಾಣಿಯ ಮುಂದೆ ಕುಳಿತಿದ್ದಳು. "ಇನ್ನೆರಡು ಗುಳಿಗಿ ಉಳದಾವ. ಅವು ಹಾಕಿದ್ರ ಏಳ್ತದೇನೋ," ಎಂದಳು.

ಗುಳಿಗೆಯ ಹಾಳೆಯನ್ನು ತಿರುಗಿಸಿ ನೋಡಿದೆ. ಅದರ ಮೇಲೆ ಹಸುವಿನ ಚಿತ್ರವಿತ್ತು.

ಅಪ್ಪ ಪರಿಚಯದ ಗೂಡ್ಸ್ ಆಟೋದವನಿಗೆ ಮಾನ್ವಿಯಿಂದಲೇ ಫೋನ್ ಮಾಡಿ ಒಪ್ಪಿಸಿದ. ದೇವದುರ್ಗ ದಾಟಿ ರಾಯಚೂರಿನವರೆಗೆ ಆ ರಸ್ತೆಯಲ್ಲಿ ಎಷ್ಟು ತಗ್ಗುಗಳಿವೆ ಎಂಬುದನ್ನು ನಾನು ಬಲ್ಲೆ, ಏಕೆಂದರೆ ಪ್ರತಿ ತಗ್ಗಿಗೂ ಅವನು ನರಳಿದ. ಅವ್ವ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದಳು, ಅದೂ ಗಬ್ಬೂರು ದಾಟಿದ ಮೇಲೆ: "ಎರಡು ಸಲ ನನ್ನ ಕೈಬಳ್ಳ ನೆಕ್ಕಿತ್ತು, ಗುಳಿಗಿ ತಿಂದ ಮ್ಯಾಲ."

ರಾಯಚೂರಿನ ಖಾಸಗಿ ದವಾಖಾನೆಯ ಕಾಯುವ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಸೀಲಿಂಗ್ ಫ್ಯಾನು, ಮೈ ತುಂಬ ಶಾಂಪೂ ಪರಿಮಳದ ಬಿಳಿ ನಾಯಿ ಹಿಡಿದ ಒಬ್ಬ ಬಟ್ಟೆ ವ್ಯಾಪಾರಿ. ನಮ್ಮ ನಾಯಿಯ ವಾಸನೆಗೆ ಆತ ಮೂಗಿಗೆ ಕರವಸ್ತ್ರ ಹಿಡಿದ. ಬುರ್ಖಾ ತೊಟ್ಟು ಮಡಿಲಲ್ಲಿ ಬೆಕ್ಕು ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಎದ್ದು ಫ್ಯಾನಿನ ಕೆಳಗಿನ ತನ್ನ ಜಾಗವನ್ನು ಅವ್ವನಿಗೆ ಕೊಟ್ಟಳು. ತನ್ನ ಬಾಟಲಿಯ ಮುಚ್ಚಳದಲ್ಲಿ ನೀರು ಹಾಕಿ ಜಮಾದಾರನ ತುಟಿಗೆ ಒಂದೊಂದೇ ಹನಿ ಬಿಟ್ಟಳು. "ಕುಡೀ ರಾಜಾ, ಕುಡೀ," ಎಂದಳು. ಅವಳ ಹೆಸರನ್ನು ನಾನು ಕೇಳಲಿಲ್ಲ. ಕೇಳಬೇಕಿತ್ತು. ನಿಮ್ಮ ಹೆಸರುಗಳನ್ನು ತಿಳಿಯಲು ತಿಂಗಳುಗಟ್ಟಲೆ ಓಡಾಡಿದವಳು ನಾನು.

ಒಳಗೆ ವೈದ್ಯೆ ಚೀಟಿಯನ್ನು ಓದಿದರು, ನಾಯಿಯನ್ನು ನೋಡಿದರು, ಮತ್ತೆ ಚೀಟಿ ಓದಿದರು.

"ಇದು ಯಾವ ಕರುವಿನ ಚೀಟಿ?"

"ಇದರದೇ ರೀ," ಎಂದಳು ಅವ್ವ.

"ಈ ಗುಳಿಗಿ ಯಾರು ಹಾಕಿದ್ದು?"

"ನಾನೇ ರೀ. ದಿನಕ್ಕ ಎರಡು. ಒಂದ ಸಲನೂ ತಪ್ಪಿಸಿಲ್ಲ."

ವೈದ್ಯೆ ಗುಳಿಗೆಯ ಹಾಳೆಯನ್ನು ಚೀಟಿಯ ಪಕ್ಕದಲ್ಲಿಟ್ಟರು. ಅಷ್ಟರಲ್ಲೇ ಅವ್ವನಿಗೆ ಎಲ್ಲ ಅರ್ಥವಾಯಿತು. ನಾನು ಅವಳ ಮುಖ ನೋಡದೆ ಗೋಡೆಯ ಮೇಲಿನ ಲಸಿಕೆಯ ಚಿತ್ರಪಟವನ್ನು ನೋಡುತ್ತ ನಿಂತೆ. ಅವಳ ಕೈ ಮಾತ್ರ ಕಾಣುತ್ತಿತ್ತು. ಜಮಾದಾರನ ಬೆನ್ನ ಮೇಲಿದ್ದ ಆ ಕೈಯನ್ನು ಅವಳು ಮೆಲ್ಲಗೆ ತೆಗೆದು ಸೆರಗಿನೊಳಗೆ ಸೇರಿಸಿಕೊಂಡಳು.

ರಕ್ತ ನೋಡಿದರು, ಕಾಲುಗಳ ಎಕ್ಸ್‌ರೇ ತೆಗೆದರು. ಕಾಲಿನಲ್ಲಿ ಇದ್ದದ್ದು ಬೆಳೆಯುವ ನೋವಂತೆ. ದೊಡ್ಡ ಜಾತಿಯ ಮರಿಗಳಲ್ಲಿ ಬರುತ್ತದೆ. "ಒಂದು ಕಾಲಿಂದ ಇನ್ನೊಂದು ಕಾಲಿಗಿ ತಿರಗತದ, ಒಂದೀಟು ಊಟ ಬಿಡಸತದ, ಕಡೀಕ ತಾನೇ ಬಿಟ್ಟು ಹೋಗತದ," ಎಂದರು ವೈದ್ಯೆ. "ಕಾಲಿಂದು ನನಗ ಚಿಂತಿ ಇಲ್ಲ. ಹೊಟ್ಟಿ ಒಳಗ ಹುಣ್ಣಾಗ್ಯದ, ರಕ್ತ ಹೋಗ್ಯದ. ಕಿಡ್ನಿ ತಡೀತದೋ ಇಲ್ಲೋ ನಾಕು ದಿನ ನೋಡಬೇಕು."

ಈ ವಾಕ್ಯದ ಮುಂದೆ ಒಂದು ಕ್ಷಣ ನಿಲ್ಲಿ. ಅವನ ಕಾಯಿಲೆ ತಾನಾಗಿಯೇ ಹೋಗುವಂಥದ್ದು. ಕಾಂಪೌಂಡರ್ ಕೈಗುಣವೆಂದು ಅವ್ವ ಹೊಗಳಿದ್ದು ನೋವು ಕಾಲು ಬದಲಿಸಿದ್ದನ್ನು. ದುರ್ಗಪ್ಪ ಬರೆ ಹಾಕಿದ್ದರೂ ಆ ಮುಂಗಾಲು ಅದೇ ವಾರ ಸರಿಹೋಗಿ, ಆತ ಓಣಿಯಲ್ಲಿ ಎದೆ ಸೆಟೆಸಿ ನಡೆಯುತ್ತಿದ್ದ. ಏನೂ ಮಾಡದಿದ್ದರೆ ಬದುಕುವ ಪ್ರಾಣಿಯನ್ನು ಸಾಯುವ ಅಂಚಿಗೆ ತರಲು ಒಂದು ಸರ್ಕಾರಿ ಕಟ್ಟಡ, ಅದರೊಳಗೆ ಇಬ್ಬರು ಸಂಬಳದವರು, ಹೊರಗೆ ಒಬ್ಬ ಗೈರುಹಾಜರಿ ವೈದ್ಯರು ಮತ್ತು ಒಬ್ಬ ಎಂ.ಎ. ಪದವೀಧರೆ ಬೇಕಾದರು.

ಒಂಬತ್ತು ದಿನ ರಾಯಚೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಮೂವರೂ ಇದ್ದೆವು. ಬೆಳಿಗ್ಗೆ ಡ್ರಿಪ್, ಸಂಜೆ ಸೂಜಿ. ಅವನ ಮುಂಗಾಲಿಗೆ ಸಿಕ್ಕಿಸಿದ್ದ ಸೂಜಿ ಕಳಚದಂತೆ ನಾನು ಹಿಡಿದುಕೊಳ್ಳುವುದು. ಅವ್ವ ಎರಡು ಮಾರು ದೂರ ಕುಳಿತು ನೋಡುವುದು. "ಹತ್ತಿರ ಬಾರವ್ವ, ಅವ ನಿನ್ನ ಹುಡುಕಾಕತ್ತಾನ," ಎಂದರೆ, "ನೀನ ಹಿಡಿ ಯವ್ವಾ, ನಿನ್ನ ಕೈ ಓದಿದ ಕೈ," ಎನ್ನುವಳು. ವ್ಯಂಗ್ಯವಾಗಿ ಹೇಳಿದ್ದರೆ ಸಹಿಸುತ್ತಿದ್ದೆ. ಅವಳು ಅದನ್ನು ನಂಬಿ ಹೇಳುತ್ತಿದ್ದಳು. ಫೋನಿನಲ್ಲಿ ಕೋರ್ಸ್ ಮುಗಿಸು ಎಂದದ್ದು ನಾನು ಎಂದು ನೆನಪಿಸಿದೆ. "ನೀ ದೂರ ಇದ್ದಿ. ನಾ ಮುಂದ ಕುಂತು ಹಾಕೀನಿ," ಎಂದಳು. ಅವನು ತಿನ್ನುವವರೆಗೆ ತಾನೂ ತಿನ್ನುವುದಿಲ್ಲ ಎಂದು ಚಹಾ ಕುಡಿದುಕೊಂಡಿದ್ದಳು.

ನಾಲ್ಕನೆಯ ದಿನ ವೈದ್ಯೆ ಕಿಡ್ನಿ ತಡೆದುಕೊಂಡಿದೆ ಎಂದರು. ಆದರೂ ಅವನು ಬಾಯಿ ತೆರೆಯಲಿಲ್ಲ. ಗಂಜಿ, ಮೊಸರು, ದವಾಖಾನೆಯವರು ಕೊಟ್ಟ ಡಬ್ಬಿಯ ಆಹಾರ, ಎಲ್ಲಕ್ಕೂ ಮುಖ ತಿರುಗಿಸಿದ. ತಿನ್ನುವುದೆಂದರೆ ಏನಾಗುತ್ತದೆ ಎಂದು ಅವನ ಹೊಟ್ಟೆ ಕಲಿತುಬಿಟ್ಟಿತ್ತು.

ಐದನೆಯ ದಿನ ಮಾನ್ವಿಯಿಂದ ಮಹಬೂಬ್ ಚಾಚಾ ಬಂದ. ಬಂದವನೇ ಜಮಾದಾರನ ಹಿಂಗಾಲನ್ನು ಹೆಬ್ಬೆರಳಿಂದ ಒತ್ತಿ ನೋಡಿದ.

"ಅರೇ, ಇದಕ್ಕ ಇಷ್ಟೆಲ್ಲ ಯಾಕ ಮಾಡಿದ್ರಿ? ಇದರ ಮಾ ಭೀ ಹಂಗೇ ಇತ್ತು ಬೇಟಿ. ಎಂಟು ತಿಂಗಳ ಇದ್ದಾಗ ಇವತ್ತು ಈ ಕಾಲು, ನಾಳಿ ಆ ಕಾಲು. ನಾ ತೌಡಿನ ಚೀಲದ ಮ್ಯಾಲ ಮಲಗಿಸಿ ಬಿಟ್ಟಿದ್ದೆ. ಈಗ ಗಿರಣಿ ಗೋಡಿ ಹಾರತದ. ನನಗ ಒಂದ್ ಫೋನ್ ಮಾಡಬೇಕಿಲ್ಲ?"

ಯಾರೂ ಮಾಡಿರಲಿಲ್ಲ. ಅವನು ವಾಚ್‌ಮನ್. ಚೀಟಿ ಬರೆಯುವ ಅಧಿಕಾರ ಅವನಿಗಿಲ್ಲ, ಹಾಗಾಗಿ ಕೇಳಬೇಕೆಂದು ನಮಗೆ ತೋಚಲಿಲ್ಲ. ನಾನು ಕರುವಿನ ಕತೆ ಹೇಳಿದೆ. ಚಾಚಾ ಗಂಭೀರವಾಗಿ ಕೇಳಿ ಅವ್ವನ ಕಡೆ ತಿರುಗಿದ.

"ಭಾಭೀ, ಹುಷಾರ್ ಇರ್ರಿ. ಇವತ್ತು ಕರ ಅಂತ ಬರದಾರ. ಇನ್ನೊಂದ್ ವರ್ಷಕ್ಕ ಎತ್ತು ಅಂತ ಬರದು ಗಳೇಕ್ಕ ಹೂಡ್ರಿ ಅಂತಾರ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಆದರೆ ಆ ಸಂಜೆ ಮನೆ ಮಾಲಕಿಯ ಹತ್ತಿರ ಹೋಗಿ ಜೋಳದ ಹಿಟ್ಟು, ಹಂಚು ಕೇಳಿ ತಂದಳು. ನನ್ನ ಗ್ಯಾಸ್ ಒಲೆಯ ಮುಂದೆ ನೆಲದ ಮೇಲೆ ಪರಾತ ಇಟ್ಟು ರೊಟ್ಟಿ ಬಡಿಯತೊಡಗಿದಳು. ಮೂಲೆಯಲ್ಲಿ ಮಲಗಿದ್ದ ಜಮಾದಾರನ ಒಂದು ಕಿವಿ ಎದ್ದಿತು. ಎರಡನೆಯ ರೊಟ್ಟಿಗೆ ಇನ್ನೊಂದು ಕಿವಿ. ಅವ್ವ ರೊಟ್ಟಿಯನ್ನು ಮುರಿದಳು, ಹಾಲಿನಲ್ಲಿ ಅದ್ದಿದಳು, ಕೈ ಚಾಚಿದಳು. ಚಾಚಿದ ಕೈಯನ್ನು ಹಿಂದಕ್ಕೆಳೆದು ಚೂರನ್ನು ನನ್ನ ಅಂಗೈಗೆ ಹಾಕಿದಳು. ನಾನು ಕೊಟ್ಟೆ. ಅವನು ನನ್ನ ಕೈಯನ್ನು ಮೂಸಿ, ತಲೆ ಎತ್ತಿ ಅವಳನ್ನು ನೋಡಿ, ಬಹಳ ಹೊತ್ತು ಯೋಚಿಸಿ, ಉಗುರಿನಷ್ಟು ತಿಂದ.

ಅಂದು ಅವ್ವನೂ ಉಂಡಳು.

ಊರಿಗೆ ಮರಳಿದ ಮೇಲೆ ನಾನು ನಿಮ್ಮಲ್ಲಿಗೆ ಬಂದೆ. ನೆನಪಿರಬೇಕು. ಹಿರಿಯ ಕಾಂಪೌಂಡರ್ ಕುರ್ಚಿ ಕೊಟ್ಟು ಕೂರಿಸಿದರು.

"ತಂಗೀ, ನಾಯಿ ಅಂತ ಬರದಿದ್ರ ಆ ಚೂರು ಗುಳಿಗಿನೂ ಸಿಗ್ತಿದ್ದಿಲ್ಲ. ನಾ ಉಪಕಾರ ಮಾಡೀನಿ. ಅಳತಿ ನಿಮ್ಮವ್ವಗ ಬಾಯಿಲೆ ಹೇಳೀನಿ."

ಕಿರಿಯವನು ಅಲ್ಲೇ ಇದ್ದ. "ಕರ ಏನಂತ ನಾ ಕೇಳೀನ್ರೀ ಮೇಡಂ. ಕರ ಅಂತ ನಿಮ್ಮವ್ವನೇ ಹೇಳ್ಯಾರ. ಸುಳ್ಳು ಹೇಳಿದವರು ಅವರು."

ಆ ದಿನ ಅದೃಷ್ಟಕ್ಕೆ ವೈದ್ಯರೂ ಇದ್ದರು. ಮೊಬೈಲಿನಿಂದ ತಲೆ ಎತ್ತಿ, "ನಾಯಿ ಬದುಕೇದಲ್ಲ? ಮತ್ತೇನು ಬೇಕು?" ಎಂದರು.

ರಿಜಿಸ್ಟರ್ ತೋರಿಸಿ ಎಂದೆ. ತೋರಿಸಲು ಅವರಿಗೆ ಹೆದರಿಕೆ ಇರಲಿಲ್ಲ. ತಪ್ಪು ಇದೆ ಎಂಬ ಅರಿವಿದ್ದರೆ ತಾನೆ ಹೆದರಿಕೆ. ಎರಡು ಸಾಲುಗಳಿದ್ದವು. ಎರಡರಲ್ಲೂ ಅವ್ವನ ಹೆಸರು, ಕರು, ಕುಂಟು. ಕೊನೆಯ ಅಂಕಣದಲ್ಲಿ ಎರಡೂ ಕಡೆ ಒಂದೇ ಪದ: ಗುಣಮುಖ. ನಮ್ಮ ನಾಯಿ ಹೊಟ್ಟೆಯೊಳಗೆ ರಕ್ತ ಸೋರುತ್ತ ಗೂಡ್ಸ್ ಆಟೋದಲ್ಲಿ ಮಲಗಿದ್ದ ದಿನ ಸರ್ಕಾರದ ಲೆಕ್ಕದಲ್ಲಿ ಎರಡು ಕರುಗಳು ನೆಟ್ಟಗೆ ನಾಲ್ಕು ಕಾಲಿನ ಮೇಲೆ ಜಿಗಿಯುತ್ತಿದ್ದವು. ನಿಮ್ಮ ಯಶಸ್ಸಿನ ವರದಿಗಳು ಹೇಗೆ ತಯಾರಾಗುತ್ತವೆ ಎಂದು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದರೂ ತಿಳಿಯದ್ದು ಆ ಎರಡು ಸಾಲುಗಳಲ್ಲಿ ತಿಳಿಯಿತು.

ಮೇಲಿನ ಕಚೇರಿಗೆ ಲಿಖಿತ ಅರ್ಜಿ ಕೊಟ್ಟೆ. ಒಂದೂವರೆ ತಿಂಗಳ ನಂತರ ಅದು ಹಿಂದಿರುಗಿ ಬಂತು. ಸದರಿ ಕರುವಿನ ಕಿವಿಯೋಲೆ ಸಂಖ್ಯೆಯನ್ನು ನಮೂದಿಸಿಲ್ಲವಾದ್ದರಿಂದ ಅರ್ಜಿ ಅಪೂರ್ಣವಂತೆ. ಅವನ ಕಿವಿಗೆ ಹಳದಿ ಓಲೆ ಚುಚ್ಚಿಸಿ, ಸಂಖ್ಯೆ ಹಾಕಿಸಿ, ಕರು ಎಂದು ಒಪ್ಪಿಕೊಂಡು ಬಂದರೆ, ಅವನು ಕರುವಲ್ಲ ಎಂಬ ದೂರನ್ನು ವಿಚಾರಿಸುತ್ತಾರೆ. ಇದನ್ನು ಬರೆದ ಅಧಿಕಾರಿ ಸಹಿಯ ಕೆಳಗೆ ಮೊಹರನ್ನೂ ಒತ್ತಿದ್ದಾರೆ, ಸ್ವಲ್ಪ ಸೊಟ್ಟಗೆ.

ಜಮಾದಾರನಿಗೆ ಈಗ ವರ್ಷ ತುಂಬಿದೆ. ಮತ್ತೆರಡು ಸಲ ಕಾಲು ಹಿಡಿಯಿತು. ರಾಯಚೂರಿನ ವೈದ್ಯೆ ಫೋನಿನಲ್ಲೇ ಧೈರ್ಯ ಹೇಳಿದರು, ಅವನಿಗೆ ಮಲಗಲು ಚಾಚಾ ತೌಡಿನ ಚೀಲವೊಂದನ್ನು ಅಪ್ಪನ ಕೈಯಲ್ಲಿ ಕಳಿಸಿದ. ಎರಡೂ ಸಲ ನೋವು ತಾನಾಗಿಯೇ ಹೋಯಿತು. ಈಗ ಹೊಸ್ತಿಲಿನ ಕಾವಲು ಎಂದಿನಂತೆ ನಡೆದಿದೆ. ಇದೇ ಆತಂಕದಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಹೇಳುತ್ತೇನೆ: ನಿಮ್ಮ ನಾಯಿಯನ್ನು ನಾಯಿ ಎಂದು ಬರೆಯದ ಯಾವ ಚೀಟಿಯನ್ನೂ ಮನೆಗೆ ತರಬೇಡಿ. ಚೀಟಿ ನೋಡಿ ನಗಲೂ ಬೇಡಿ.

ಆದರೆ ನಮ್ಮ ಮನೆಯಲ್ಲಿ ಒಂದು ಕಾಯಿಲೆ ವಾಸಿಯಾಗಿಲ್ಲ. ಮೊದಲ ರೊಟ್ಟಿ ಈಗಲೂ ಅವನದೇ. ಅವ್ವ ಅದನ್ನು ಮುರಿದು, ಹಾಲಿನಲ್ಲಿ ಅದ್ದಿ, ತಟ್ಟೆಗೆ ಹಾಕಿ ದೂರ ಸರಿಯುತ್ತಾಳೆ. ಅವನು ತಟ್ಟೆಯ ಮುಂದೆ ಕುಳಿತು ಅವಳ ಕೈಯನ್ನು ನೋಡುತ್ತಾನೆ. ಅವಳು ಒಲೆಯ ಕಡೆ ಮುಖ ಮಾಡುತ್ತಾಳೆ. ಇದು ನಿತ್ಯವೂ ನಡೆಯುತ್ತದೆ. ತಪ್ಪು ನಿನ್ನದಲ್ಲ ಎಂದು ನಾನು ಎಷ್ಟೇ ಹೇಳಿದರೂ ಅದು ಮಗಳ ಮಾತು. ಅವಳಿಗೆ ಕರ ಎಂದು ಹೇಳು ಎಂದವರು ಸರ್ಕಾರದವರು. ಅಲ್ಲ ಎಂದೂ ಅವರೇ ಹೇಳಬೇಕು.

ಆದ್ದರಿಂದ, ಮಾನ್ಯರೇ, ನಾನು ವಿಧಿವತ್ತಾಗಿ ಕೇಳಿಕೊಳ್ಳುತ್ತಿರುವುದು ಇಷ್ಟು. ನಿಮ್ಮ ರಿಜಿಸ್ಟರಿನ ಆ ಎರಡು ಸಾಲುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಪ್ರಾಣಿ ನಾಯಿ ಎಂದೂ, ಕೊಟ್ಟ ಔಷಧಿಯಿಂದ ಅದಕ್ಕೆ ಅಪಾಯವಾಯಿತೆಂದೂ ನಮೂದಿಸಿ, ತಿದ್ದಿದವರು ಸಹಿ ಮಾಡಬೇಕು. ಪ್ರಾಣಿಯನ್ನು ನೋಡದೆ ಔಷಧಿ ಎಣಿಸಿ ಕೊಟ್ಟವರು ಯಾರು, ಸುಳ್ಳು ಹೇಳಲು ಹಳ್ಳಿಯ ಹೆಂಗಸರಿಗೆ ಕಲಿಸುವವರು ಯಾರು, ಆ ಎರಡೂ ದಿನ ವೈದ್ಯರು ಎಲ್ಲಿದ್ದರು ಎಂಬುದಕ್ಕೆ ಲಿಖಿತ ಉತ್ತರ ಕೊಟ್ಟು, ಅವರ ಮೇಲೆ ಕ್ರಮ ಜರುಗಿಸಬೇಕು. ನಿಮ್ಮಲ್ಲಿ ನಾಯಿಗೆ ಔಷಧಿ ಇಲ್ಲದಿದ್ದರೆ ಇಲ್ಲ ಎಂದು ಬಾಗಿಲ ಮೇಲೆ ಬರೆಸಬೇಕು. ಇಲ್ಲ ಎಂಬ ಮಾತು ಯಾರನ್ನೂ ಕೊಲ್ಲುವುದಿಲ್ಲ.

ಉತ್ತರವನ್ನು ನನಗೆ ಕಳಿಸಬೇಡಿ. ನನ್ನ ತಾಯಿಯ ಹೆಸರಿಗೆ ಕಳಿಸಿ. ಆಕೆ ಅಕ್ಷರ ಕೂಡಿಸಿ ಓದುವವಳು, ಆದ್ದರಿಂದ ಸದರಿ, ಮೇಲ್ಕಂಡ, ತತ್ಸಂಬಂಧ ಎಂಬ ಪದಗಳನ್ನು ಬಿಟ್ಟು ದೊಡ್ಡ ಅಕ್ಷರಗಳಲ್ಲಿ, ಒಂದೇ ಪುಟದಲ್ಲಿ ಬರೆಯಿರಿ. ತಪ್ಪು ನಿಮ್ಮ ಕೈಯದಲ್ಲ, ನಮ್ಮದು ಎಂಬ ಮಾತು ಅದರಲ್ಲಿರಲಿ. ಅದನ್ನು ಆಕೆ ಒಲೆಯ ಮುಂದೆ ಕುಳಿತು, ಬೆರಳಿಟ್ಟು, ತಾನೇ ಓದಿಕೊಳ್ಳಲಿ. ಒಂದು ಮೊಳ ದೂರದಲ್ಲಿ ಅವನು ಕಾಯುತ್ತಿರುತ್ತಾನೆ.